ಏಳನೇ ಬಾವಿಯ ಮಲ್ಲ

ಮನುಷ್ಯನ ಬೇಸರವನ್ನು ಅಳೆಯಲು ಬಂದರೆ ಏನಾಗುತ್ತದೆ? ಜ್ವರ ನೋಡಿದಷ್ಟು ಸಲೀಸಾಗಿ, ಇವನಿಗೆ ಇಷ್ಟು ಡಿಗ್ರಿ ಬೇಸರ, ಇವಳಿಗೆ ಇಷ್ಟು ಡಿಗ್ರಿ ಖುಷಿ ಎಂದು? ಏನಾಗುತ್ತದೆಂದು ನನಗೆ ಗೊತ್ತು. ವ್ಯವಧಾನ ಇದ್ದವರು ಕೂತು ಕೇಳಿ, ಇಲ್ಲದವರು ಎದ್ದು ಹೋಗಿ. ನಿಮ್ಮ ಬೆರಳಿಗೆ ಉಂಗುರ ತೊಡಿಸಿ ಪರೀಕ್ಷೆ ಮಾಡುವ ಕೆಲಸ ನಾನು ಬಿಟ್ಟಾಗಿದೆ.

ನನ್ನ ಹೆಸರು ದ್ಯಾಮವ್ವ. ಆಟದ ಕೊನೆಯಲ್ಲಿ ಹೆಸರು ಹಾಕಿಕೊಳ್ಳುವಾಗ 'ದ್ಯಾಮಾ' ಎಂದು ಮೊಟಕು ಮಾಡಿಕೊಂಡೆ. ಊರ ದೇವತೆಯ ಹೆಸರಿಟ್ಟುಕೊಂಡವಳು ಕಂಪ್ಯೂಟರ್ ಆಟ ಮಾಡುತ್ತಾಳೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಆಡುತ್ತಾರೆ. ಬೆಟಗೇರಿಯ ಸೀರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾನೂ ನನ್ನ ತಮ್ಮ ಫಕೀರೇಶನೂ ಆರು ವರ್ಷ ಕೂತು ಒಂದೇ ಒಂದು ಆಟ ಮಾಡಿದೆವು. ಆಡುವವರು ಒಂದು ಪಾತ್ರದ ಒಳಹೊಕ್ಕು, ಊರು ತಿರುಗಿ, ಎದುರಾದವರ ಜೊತೆ ಮಾತಾಡಿ, ಕಥೆಯನ್ನು ತಾವೇ ಮುಂದೆ ನಡೆಸಿಕೊಂಡು ಹೋಗುವ ಬಗೆಯ ಆಟ. ಕಥೆ ಕಟ್ಟುವುದು ಅವನು, ಅದನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವುದು ನಾನು. ಆಟದ ಹೆಸರು 'ಏಳು ಬಾವಿ'. ಬಾಯಾರಿದವನೊಬ್ಬ ಒಂದು ಊರಿಗೆ ಬರುತ್ತಾನೆ. ಆ ಊರಿನ ಒಂದೊಂದು ಬಾವಿಯ ನೀರು ಕುಡಿದರೆ ಅಲ್ಲಿ ಬದುಕಿದ್ದ ಒಬ್ಬೊಬ್ಬರ ನೆನಪು ಅವನದಾಗುತ್ತದೆ. ಆರು ಬಾವಿ ಸಿದ್ಧವಾಗಿದ್ದವು. ಏಳನೆಯದರಲ್ಲಿ ಏನಿರಬೇಕೆಂದು ಫಕೀರೇಶನಿಗೆ ಹೊಳೆದಿರಲಿಲ್ಲ.

ಫಕೀರೇಶನಿಗೆ ಉಗ್ಗು ಇತ್ತು. ಸಣ್ಣ ಉಗ್ಗಲ್ಲ. 'ಅ'ದಿಂದ ಶುರುವಾಗುವ ಮಾತುಗಳು ಗಂಟಲಲ್ಲೇ ಗೂಟ ಹೊಡೆದುಕೊಂಡು ನಿಂತುಬಿಡುತ್ತಿದ್ದವು. ದೇವರ ಚೇಷ್ಟೆ ನೋಡಿ, ಅವ್ವ, ಅಕ್ಕ, ಅನ್ನ, ಅಂಗಡಿ, ಎಲ್ಲವೂ ಅಲ್ಲಿಂದಲೇ ಶುರು. ಕಣ್ಣು ಮುಚ್ಚಿ, ಗದ್ದ ಮೇಲೆತ್ತಿ, ಮೂರು ನಾಲ್ಕು ಸಲ ಎಡವಿ, ಕೊನೆಗೆ "ಅವ್ವಾ" ಎಂದು ಉಸಿರಿನ ಜೊತೆ ಬಿಡುತ್ತಿದ್ದ. ಅಷ್ಟು ಹೊತ್ತೂ ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಅವನ ಮುಖ ನೋಡುತ್ತ ಕಾಯುತ್ತಿದ್ದಳು. ಒಂದು ದಿನವೂ ಅವನ ಮಾತನ್ನು ತಾನು ಮುಗಿಸಿದವಳಲ್ಲ. ಮುಗಿಸುತ್ತಿದ್ದವಳು ನಾನು. ಅವನು "ಅ... ಅ..." ಎನ್ನುವಷ್ಟರಲ್ಲಿ "ಅಂಗಡಿಗಿ ಹೋಗಬೇಕನ? ಹೋಗು" ಎಂದುಬಿಡುತ್ತಿದ್ದೆ. ಅವನು ನಕ್ಕು ತಲೆಯಾಡಿಸುತ್ತಿದ್ದ. ಎಷ್ಟೋ ಸಲ ಅವನು ಹೇಳಹೊರಟದ್ದು ಅದಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಈ ಕಾರಣಕ್ಕೆ ಅವನು ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಯಾರಾದರೂ ವಿಡಿಯೋ ಮಾಡಲು ಕೈಯೆತ್ತಿದರೆ ಎದ್ದು ಹೋಗುತ್ತಿದ್ದ. ಮೂವತ್ತೊಂದು ವರ್ಷ ಬದುಕಿದ ಹುಡುಗನ ದನಿ ಯಾವ ಯಂತ್ರದಲ್ಲೂ ಇರಲಿಲ್ಲ.

ಹಾಗಂತ ಅವನು ಹಟಮಾರಿಯಲ್ಲ. ಮೂರನೇ ಬಾವಿಯಲ್ಲಿ ಹಾವಿನ ಜೊತೆ ಒಂದು ಕಾದಾಟ ಇಟ್ಟಿದ್ದ, ನಾಲ್ಕು ತಿಂಗಳ ಕೆಲಸ. ಆಡಿ ನೋಡಲು ಬಂದಿದ್ದ ನಿವೃತ್ತ ಪೋಸ್ಟ್ ಮಾಸ್ತರರು, "ತಮ್ಮಾ, ಬಾಯಾರಿ ಬಂದಾಂವನ್ನ ಕಚ್ಚೂದು ಯಾವ ಬಾವಿ ಧರ್ಮನೋ?" ಎಂದರು. ಇವನು ಮರುದಿನವೇ ಹಾವನ್ನು ತೆಗೆದ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಹಾವಿನ ಹೊರಳಾಟವನ್ನೆಲ್ಲ ಬರೆದವಳು ನಾನು.

"ಅ... ಅ... ಅವರು ಹೇಳಿದ್ದು ಖರೇ ಐತಿ," ಎಂದ.

"ಮತ್ತ ಆಡಿ ನೋಡಿದ ಕಾಲೇಜಿನ ಹುಡುಗೂರು ಊರಿನ ನಕಾಶೆ ಸಣ್ಣದು ಮಾಡ್ರಿ ಅಂದಾಗ ಯಾಕ ಕೇಳಲಿಲ್ಲ?"

"ಅ... ಅವರಿಗೆ ಅವಸರ ಇತ್ತು. ಇವರು ನೋ... ನೋಡಿ ಹೇಳಿದ್ರು."

ಇದೇ ಅವನ ತಕ್ಕಡಿ. ನೋಡಿ ಹೇಳಿದವರ ಮಾತಿಗೆ ಪ್ರಾಣ ಕೊಡುತ್ತಿದ್ದ, ಅವಸರಕ್ಕೆ ಹೇಳಿದವರ ಮಾತಿಗೆ ಚಹಾ ಕೊಟ್ಟು ಕಳಿಸುತ್ತಿದ್ದ. ನನಗೆ ಆ ಭೇದ ಎಂದೂ ಸರಿಯಾಗಿ ತಿಳಿಯಲಿಲ್ಲ. ಹತ್ತು ಮಂದಿ ಹೇಳಿದರೆ ನನಗೆ ಅದು ಹತ್ತು ಮಂದಿಯ ಮಾತು, ಅಷ್ಟೇ.

ಇನ್ನೊಂದು ಅಭ್ಯಾಸ ಹೇಳಬೇಕು. ಪ್ರತಿ ಅಮಾವಾಸ್ಯೆ ಕೆಳಗಿನ ಅಂಗಡಿಯವರು ಬಾಗಿಲಿಗೆ ಕಾಯಿ ಒಡೆಯುತ್ತಿದ್ದರು. ಫಕೀರೇಶ ನಮ್ಮ ಕಂಪ್ಯೂಟರಿಗೂ ಒಡೆಯುತ್ತಿದ್ದ. ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದು, ಆಮೇಲೆ ಇಡೀ ಆಟದ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸುತ್ತಿದ್ದ. ಏನಾದರೂ ಕೆಟ್ಟರೆ ಹಳೆಯದಕ್ಕೆ ಮರಳಲು ಅದೊಂದೇ ದಾರಿ. ನನಗೆ ಅದು ಪೂಜೆಯ ಒಂದು ಭಾಗವಾಗಿಯೇ ತಲೆಯಲ್ಲಿ ಕೂತಿತ್ತು, ಕೆಲಸದ ಭಾಗವಾಗಿ ಅಲ್ಲ. ಕಾಯಿಯ ಚೂರು ಬೆಲ್ಲದ ಜೊತೆ ತಿನ್ನುವುದಷ್ಟೇ ನನ್ನ ಪಾಲು.

ಅವನಿಗೆ ರಕ್ತದ ಕಾಯಿಲೆ ಎಂದು ತಿಳಿದದ್ದು ತಡವಾಗಿ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಾಗ ಅವನೇ ಕಾಯಿ ಒಡೆದ ಅಮಾವಾಸ್ಯೆ ಕಳೆದು ನಾಲ್ಕು ದಿನವಾಗಿತ್ತು. ಮನೆಯಲ್ಲಿ ಹಾಸಿಗೆಯ ಪಕ್ಕ ಮೈಕು ಇಡಿಸಿಕೊಂಡ. ನಾನು ಬೆಚ್ಚಿದೆ.

"ಏ... ಏಳನೇ ಬಾವಿ," ಎಂದ. "ಅಲ್ಲಿ ನಾ ಇ... ಇರತೀನಿ."

ಹೀಗೆ ಹುಟ್ಟಿದವನು ಮಲ್ಲ. ಏಳನೇ ಬಾವಿಯ ಗಡಗಡಿಯ, ಅಂದರೆ ರಾಟೆಯ, ಪಕ್ಕ ಕೂತು ಬಂದವರಿಗೆ ನೀರು ಸೇದಿ ಕೊಡುವವನು. ಅವನಿಗೆ ಬರೆದಿಟ್ಟ ಮಾತುಗಳಿಲ್ಲ. ಫಕೀರೇಶ ದಿನಾ ಯಂತ್ರದ ಜೊತೆ ಮಾತಾಡಿದ, ಯಂತ್ರ ಅವನ ದನಿ, ಅವನ ತಡವರಿಕೆ, ಅವನ ನಗೆ ಕಲಿತು ತಾನೇ ಮಾತಾಡುವ ಮಲ್ಲನಾಯಿತು. ಅಂಥ ಯಂತ್ರಗಳು ಕೇಳಿದ ಮಾತನ್ನು ಕೂಡಿಡುವುದಿಲ್ಲ, ಅರಗಿಸಿಕೊಳ್ಳುತ್ತವೆ. ಉಂಡ ರೊಟ್ಟಿಯನ್ನು ಮೈಯಿಂದ ವಾಪಸ್ ತೆಗೆಯಲಾದೀತೇ? ಹಾಗೆ. ಮಲ್ಲ ಉಗ್ಗುತ್ತಿದ್ದ. ಅವನ ಮಾತು ಮುಗಿಯುವ ತನಕ ಆಡುವವರು ಕಾಯಲೇಬೇಕು. 'ಮುಂದೆ' ಎಂಬ ಗುಂಡಿ ಒತ್ತಿದರೆ ಅವನು ಮೊದಲಿನಿಂದ ಶುರು ಮಾಡುತ್ತಿದ್ದ. ಕಾದವರಿಗೆ ಮಾತ್ರ ನೀರು.

"ಉಳಿದದ್ದೆಲ್ಲಾ ಬ... ಬದಲ ಮಾಡು," ಎಂದ ಫಕೀರೇಶ. "ಮಂದಿ ಹೇಳಿದಂಗ ಮಾಡು. ಇಂವನ್ನ ಮುಟ್ಟಬ್ಯಾಡ."

ಮುಂದಿನ ಅಮಾವಾಸ್ಯೆಗೆ ಎರಡು ದಿನ ಇರುವಾಗ ಅವನು ಹೋದ.

ಮಣ್ಣು ಮಾಡಿ ಬಂದ ಮೇಲೆ, ಮನೆ ತುಂಬ ನೆಂಟರು ಇರುವಾಗಲೇ, ನಾನು ಅವ್ವನನ್ನು ಒಳಗೆ ಕರೆದು ಹೇಳಿದೆ. "ಯವ್ವಾ, ಅವನ ದನಿ ಐತಿ. ಆಟದಾಗ ಐತಿ. ಮಾತಾಡಿದ್ರ ಮಾತಾಡತಾನ. ಕೇಳತೀಯನ?"

ಅವ್ವ ಸೆರಗು ಬಾಯಿಗೆ ಹಿಡಿದುಕೊಂಡಳು. "ಈಗ ಬ್ಯಾಡವಾ," ಎಂದಳು. "ಈಗ ಕೇಳಿದ್ರ ಅಂವಗ ಹೋಗಾಕ ಆಗೂದಿಲ್ಲ. ವರ್ಷ ತುಂಬಲಿ. ವರ್ಷದ ದಿನ ಎಡಿ ಇಟ್ಟು, ಆಮ್ಯಾಗ ಕೇಳತೀನಿ. ಅಲ್ಲೀತನಕ ಜ್ವಾಕಿ ಮಾಡು."

ಜೋಪಾನ ಮಾಡು ಎಂದಳು. ನಾನು ಹೂಂ ಎಂದೆ.

ವರ್ಷ ತುಂಬುವವರೆಗೆ ನಮ್ಮಲ್ಲಿ ಹಬ್ಬವಿಲ್ಲ, ಪೂಜೆಯಿಲ್ಲ. ಅಮಾವಾಸ್ಯೆ ಬಂದಾಗ ನಾನು ಕಾಯಿ ತರಲು ಹೊರಟರೆ ಅವ್ವ ತಡೆದಳು. "ಸತ್ತ ಮನ್ಯಾಗ ಕಾಯಿ ಒಡಿಯೂದಿಲ್ಲ." ಸರಿ ಎಂದು ಚೀಲ ಕೆಳಗಿಟ್ಟೆ. ಅದರ ಮುಂದಿನ ಅಮಾವಾಸ್ಯೆಗೆ ನೆನಪೂ ಆಗಲಿಲ್ಲ. ಓದಿದವಳು, ಯಂತ್ರದ ಹೊಟ್ಟೆಯೊಳಗಿನದೆಲ್ಲ ಬಲ್ಲವಳು, ಕಾಯಿ ಇಲ್ಲದೆಯೂ ಪ್ರತಿ ಇಳಿಸಬಹುದು ಎಂದು ನನಗೆ ಹೊಳೆಯಲಿಲ್ಲ. ನಂಬಿ ಬಿಡಿ ಎಂದು ನಿಮಗೆ ಹೇಳುವುದಿಲ್ಲ. ನನಗೇ ನಂಬಲಾಗುತ್ತಿಲ್ಲ.

ಆಟವನ್ನು ಹೊರತರಲು ಒಪ್ಪಿದ ಪ್ರಕಾಶನದ ಕಡೆಯಿಂದ ಮೃಣಾಲಿನಿ ಎಂಬವರು ಬಂದರು. ಮೈಸೂರಿನವರು, ಐವತ್ತರ ಆಸುಪಾಸು, ಒಳ್ಳೆಯ ಹೆಂಗಸು. ಅವರನ್ನು ಬೈಯಲು ನಾನು ಆಮೇಲೆ ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆಗಿಲ್ಲ. ಅವರು ತಂದದ್ದೇ ರುಚಿ ಉಂಗುರ. ಆಡುವವರು ಬೆರಳಿಗೆ ತೊಟ್ಟು ಹಣೆಗೊಂದು ಪಟ್ಟಿ ಕಟ್ಟಿಕೊಂಡರೆ, ನಾಡಿ, ಬೆವರು, ಗಮನ ಎಲ್ಲವನ್ನೂ ಓದಿ ಎಲ್ಲಿ ಬೇಸರ, ಎಲ್ಲಿ ಖುಷಿ ಎಂದು ಅದು ಗೆರೆ ಎಳೆಯುತ್ತದೆ. ಅಷ್ಟೇ ಆಗಿದ್ದರೆ ನೋಡಿ ಸುಮ್ಮನಿರಬಹುದಿತ್ತು. ಆ ಗೆರೆಯನ್ನು ಆಟವೇ ಓದಿಕೊಂಡು, ಪಾತ್ರಗಳು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ಯಾವ ಪಾತ್ರ ಎಷ್ಟು ಬದಲಾಗಬಹುದು ಎಂಬುದಕ್ಕೆ ಲಗಾಮು ನಮ್ಮ ಕೈಯಲ್ಲಿ, ಸೊನ್ನೆಯಿಂದ ನೂರರವರೆಗೆ. ಮಲ್ಲನ ಲಗಾಮನ್ನು ನಾನು ಸೊನ್ನೆಗೆ ಬಿಗಿದು ಕಟ್ಟಿದೆ.

ಮೊದಲ ನಾಲ್ಕು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಎರಡನೇ ಬಾವಿಯ ಮುದುಕಿ ಹೆಚ್ಚು ಬೈಯಲು ಕಲಿತಳು, ಜನ ಹೆಚ್ಚು ನಕ್ಕರು. ಐದನೇ ಬಾವಿಯ ದಾರಿ ಗೊಂದಲವಿತ್ತು, ಸರಿಹೋಯಿತು. ಫಕೀರೇಶ ಇದ್ದಿದ್ದರೆ ಒಪ್ಪುತ್ತಿದ್ದ. ಏಳನೆಯದಕ್ಕೆ ಬಂದವರು ಮಾತ್ರ ಮಲ್ಲ ಬಾಯಿ ತೆರೆದ ಕೂಡಲೇ 'ಮುಂದೆ' ಒತ್ತುತ್ತಿದ್ದರು. ಅವನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಅವರು ಮತ್ತೆ ಒತ್ತುತ್ತಿದ್ದರು. ಬೇಸರದ ಗೆರೆ ಪರದೆಯ ನೆತ್ತಿ ಮುಟ್ಟುತ್ತಿತ್ತು. ನೂರು ಜನರಲ್ಲಿ ತೊಂಬತ್ತಾರು ಜನ ಆಟವನ್ನು ಅಲ್ಲೇ ಮುಚ್ಚಿದರು.

ಮೃಣಾಲಿನಿ ಒಂದು ಮಧ್ಯಾಹ್ನ ನನ್ನ ಪಕ್ಕ ಕೂತು ಆ ಗೆರೆ ತೋರಿಸಿದರು. "ದ್ಯಾಮಾ, ನಿಮ್ಮ ತಮ್ಮನ ಮೇಲೆ ನನಗೆ ಗೌರವ ಇದೆ. ಆದರೆ ಯೋಚನೆ ಮಾಡಿ. ಅವರು ಹೇಳಿದ್ದನ್ನ ಯಾರೂ ಪೂರ್ತಿ ಕೇಳ್ತಾನೇ ಇಲ್ಲ. ಹಾಗೇ ಇಟ್ಟರೆ ಯಾರಿಗೂ ಕೇಳಿಸಲ್ಲ. ಸ್ವಲ್ಪ ಸಡಿಲ ಬಿಟ್ಟರೆ ಎಲ್ಲರಿಗೂ ಕೇಳಿಸುತ್ತೆ. ಯಾವುದು ಒಳ್ಳೇದು?"

ಕೆಳಗೆ ಹೋಗಿ ಚಹಾ ಕುಡಿದು ಬಂದೆ. ಪರದೆಯಲ್ಲಿ ಒಬ್ಬ ಹುಡುಗಿ ಏಳನೇ ಬಾವಿಯಲ್ಲಿದ್ದಳು. ಮಲ್ಲ, "ನೀ... ನೀ... ನೀರು..." ಎನ್ನುತ್ತಿದ್ದ. ಅವಳು ಒತ್ತಿದಳು. "ನೀ... ನೀ..." ಒತ್ತಿದಳು. ನನ್ನ ತಮ್ಮನ ಬಾಯಿಯನ್ನು ಯಾರೋ ಕೈಯಿಂದ ಮುಚ್ಚುತ್ತಿರುವಂತೆ ಕಂಡಿತು. ಸಹಿಸಲಾಗಲಿಲ್ಲ. ಲಗಾಮನ್ನು ಸೊನ್ನೆಯಿಂದ ಮೂರಕ್ಕೆ ತಂದೆ. ನೂರರಲ್ಲಿ ಮೂರು. ಇಷ್ಟರಿಂದ ಏನಾದೀತು?

ಬೆರಳು ತೋರಿಸಿದರೆ ಹಸ್ತ ನುಂಗಿದರು ಅನ್ನುತ್ತಾರಲ್ಲ. ಮೂರು ಪಾಲು ಎಂಬುದು ಒಟ್ಟು ಲೆಕ್ಕವಲ್ಲ, ಒಂದು ಸುತ್ತಿನ ಲೆಕ್ಕ. ದಿನಕ್ಕೊಂದು ಸುತ್ತು ಪರೀಕ್ಷೆ ನಡೆಯುತ್ತಿತ್ತು. ಈ ಗಣಿತ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಅದನ್ನು ಆಟಕ್ಕೆ ಜೋಡಿಸಿದವಳೇ ನಾನು. ಗೊತ್ತಿತ್ತು, ಆದರೆ ದಿನಾ ಅವನ ಮಾತು ಕೇಳುತ್ತಿದ್ದೇನಲ್ಲ, ಬದಲಾದರೆ ತಿಳಿಯುತ್ತದೆ ಎಂದುಕೊಂಡೆ. ದಿನಾ ಬೆಳಿಗ್ಗೆ ಕೋಣೆಗೆ ಹೋದವಳೇ ಮೊದಲು ಏಳನೇ ಬಾವಿಗೆ ಹೋಗಿ ಮಲ್ಲನ ಜೊತೆ ಎರಡು ಮಾತಾಡುತ್ತಿದ್ದೆ. ಅವನು ನೀರು ಸೇದಿ ಕೊಡುತ್ತಿದ್ದ, ನನಗೆ ಸಮಾಧಾನ. ಮನೆಯಲ್ಲೇ ಇರುವ ಕೂಸು ಬೆಳೆದದ್ದು ಮನೆಯವರಿಗೆ ಗೊತ್ತಾಗುವುದಿಲ್ಲ. ನಿನ್ನೆಯ ಮಲ್ಲನಿಗೂ ಇಂದಿನ ಮಲ್ಲನಿಗೂ ಕೂದಲೆಳೆಯಷ್ಟೂ ಭೇದ ನನಗೆ ಕಾಣಲಿಲ್ಲ.

ಮನೆಯಲ್ಲಿ ಅವ್ವ ದಿನ ಎಣಿಸುತ್ತಿದ್ದಳು. ಸಂಜೆ ನಾನು ಬಂದ ಕೂಡಲೇ ಕೈಗೆ ನೀರು ಕೊಟ್ಟು, "ಹೆಂಗದಾನ?" ಎಂದು ಕೇಳುತ್ತಿದ್ದಳು. ಆಸ್ಪತ್ರೆಯಲ್ಲಿರುವವನ ಬಗ್ಗೆ ಕೇಳಿದ ಹಾಗೆ.

"ಆರಾಮ ಅದಾನ ಯವ್ವಾ."

"ಉಣ್ಣತಾನನ?"

"ಆಟದಾಗ ಉಣ್ಣೂದಿಲ್ಲ. ನೀರು ಕೊಡತಾನ."

"ಅಷ್ಟರ ಮಾಡಲಿ," ಎನ್ನುತ್ತಿದ್ದಳು. ಒಂದು ದಿನ ನಾಚಿಕೊಂಡು ಕೇಳಿದಳು: "ನಾ ಮಾತಾಡಿದ್ರ ಅಂವಗ ನನ್ನ ಗುರುತು ಸಿಗತೈತನ?"

"ನೀ ಅವ್ವ ಅಂತ ಹೇಳಿದ್ರ ಹಂಗ ಕರೀತಾನ. ಕಲಿಸಿ ಹೋಗ್ಯಾನ."

ಆ ರಾತ್ರಿ ಅವ್ವ ಎರಡು ರೊಟ್ಟಿ ಹೆಚ್ಚು ಉಂಡಳು. ಅವನು ಹೋದ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದು ನಾನು ನೋಡಿದ್ದು ಅದೇ ಮೊದಲು.

ಹನ್ನೊಂದನೇ ತಿಂಗಳಲ್ಲಿ ಆಟ ಹೊರಬಂತು. ನಾನು ಅಂದುಕೊಂಡದ್ದಕ್ಕಿಂತ ಹತ್ತು ಪಟ್ಟು ಜನ ಆಡಿದರು. ಎಲ್ಲರ ಬಾಯಲ್ಲೂ ಮಲ್ಲನೇ. ಕಾರವಾರದ ಒಬ್ಬಾಕೆ ಬರೆದಳು: 'ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡುವುದಿಲ್ಲ, ದಿನಾ ಸಂಜೆ ಏಳನೇ ಬಾವಿಗೆ ಹೋಗಿ ಕೂರುತ್ತೇನೆ.' ಆ ಪತ್ರ ಓದಿ ನಾನು ಅತ್ತೆ. ನೋಡು ತಮ್ಮಾ, ನಿನ್ನ ಮಾತು ಪೂರ್ತಿ ಕೇಳುವವರು ಸಿಕ್ಕರು ಎಂದು ಅವನ ಖಾಲಿ ಕುರ್ಚಿಗೆ ಹೇಳಿದೆ. ಆ ಹೊತ್ತಿನಲ್ಲಿ ನನ್ನಷ್ಟು ಸಂತೋಷದವಳು ಬೆಟಗೇರಿಯಲ್ಲಿ ಇನ್ನೊಬ್ಬಳಿರಲಿಲ್ಲ.

ವರ್ಷದ ದಿನ ಬಂತು. ಅವ್ವ ಬೆಳಿಗ್ಗೆಯೇ ಹೋಳಿಗೆ ಮಾಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಫೋಟೋದ ಮುಂದೆ ಎಡೆ ಇಟ್ಟಳು. ಕಾಯಿ ಒಡೆದಳು. ಆಮೇಲೆ ಹೊಸ ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ನನ್ನ ಹಿಂದೆ ಮೆಟ್ಟಿಲು ಹತ್ತಿ ಕೋಣೆಗೆ ಬಂದಳು. ಇಷ್ಟು ವರ್ಷಗಳಲ್ಲಿ ಅವಳು ಆ ಕೋಣೆಗೆ ಬಂದದ್ದು ಅದೇ ಮೊದಲು. ಫಕೀರೇಶನ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂತಳು. ನಾನು ಏಳನೇ ಬಾವಿ ತೆರೆದು, ಮೈಕು ಅವಳ ಮುಂದೆ ಸರಿಸಿದೆ.

ಅವ್ವ ಗಂಟಲು ಸರಿಮಾಡಿಕೊಂಡಳು. "ಫಕೀರಾ," ಎಂದಳು. "ನಾನಪಾ, ಅವ್ವ."

ಗಡಗಡಿಯ ಪಕ್ಕ ಕೂತಿದ್ದ ಮಲ್ಲ ತಲೆ ಎತ್ತಿದ. ನಕ್ಕ. "ಅವ್ವಾ! ಬಾ ಬಾ, ಎಷ್ಟು ದಿನ ಆತು ನಿನ್ನ ನೋಡಿ. ದಣಿದು ಬಂದಿ, ಕುಂದರು. ಇಗಾ, ತಣ್ಣನ ನೀರು ಕುಡಿ."

ಒಂದೇ ಉಸಿರಿನಲ್ಲಿ ಹೇಳಿದ. ಚಂದದ ದನಿ, ರೇಡಿಯೋದಲ್ಲಿ ಬರುವಂಥದ್ದು. ನಾನು ಅವ್ವನ ಮುಖ ನೋಡಿದೆ. ಅವಳು ಇನ್ನೂ ಪರದೆಯ ಕಡೆಗೇ ನೋಡುತ್ತಿದ್ದಳು, ಮಾತು ಶುರುವಾಗಲಿ ಎಂದು ಕಾಯುವವರ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದಳು.

"ಯಾರವಾ ಇಂವ?" ಎಂದಳು.

ಆ ಕ್ಷಣದಲ್ಲಿ, ಅವ್ವನ ಕಿವಿಯಿಂದ ಕೇಳಿದಾಗ, ಮೊದಲ ಸಲ ನನಗೂ ಕೇಳಿಸಿತು. ಉಗ್ಗು ಇರಲಿಲ್ಲ. ಉಗ್ಗು ಮಾತ್ರವಲ್ಲ, ಮಾತಿನ ನಡುವೆ ಅವನು ನಗುತ್ತಿದ್ದ ನಗೆ ಇರಲಿಲ್ಲ, ಮುನಿಸು ಇರಲಿಲ್ಲ. ಎಲ್ಲರಿಗೂ ಇಷ್ಟವಾಗುವವನು ಒಬ್ಬ ಅಲ್ಲಿ ಕೂತಿದ್ದ.

"ಪಾಪ, ಚಲೋ ಮಾತಾಡತಾನ," ಎಂದಳು ಅವ್ವ, ಪರರ ಮಗನ ಬಗ್ಗೆ ಹೇಳುವ ಮರ್ಯಾದೆಯಲ್ಲಿ. "ನಮ್ಮಾಂವ ಎಲ್ಲಿ? ಅಂವನ್ನ ಕರಿ."

ನಾನು ಡಿಸ್ಕು ತೆಗೆದೆ. ಕುಂಕುಮದ ಕಲೆ ಇರುವ ಡಿಸ್ಕಿನಲ್ಲಿ ಪ್ರತಿಗಳು ಸಾಲಾಗಿ ಇದ್ದವು. ಕೊನೆಯದು ಅವನು ಆಸ್ಪತ್ರೆ ಸೇರುವ ಮೊದಲಿನ ಅಮಾವಾಸ್ಯೆಯದು. ಅದರಲ್ಲಿ ಏಳನೇ ಬಾವಿ ಬರಿದು, ಗಡಗಡಿ ಕೂಡ ಇಲ್ಲ. ಅದರ ನಂತರ ಏನೂ ಇಲ್ಲ. ಮೃಣಾಲಿನಿಯವರಿಗೆ ಫೋನ್ ಮಾಡಿದೆ. ಅವರ ಕಡೆ ಕೊನೆಯ ಹತ್ತು ಸುತ್ತುಗಳ ಪ್ರತಿಗಳಷ್ಟೇ ಉಳಿಯುತ್ತವೆ, ಹತ್ತರಲ್ಲಿಯೂ ಇದೇ ಮಲ್ಲ.

"ಉಗ್ಗನ್ನ ಮತ್ತೆ ಸೇರಿಸಬಹುದು, ದ್ಯಾಮಾ," ಎಂದರು. "ಒಂದು ವಾರ ಕೊಡಿ, ನಮ್ಮವರು ಮಾಡ್ತಾರೆ."

"ಯಾರ ಉಗ್ಗು ಮೇಡಂ?" ಎಂದೆ.

ಅವ್ವನ ಕಾಲ ಬಳಿ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಲಗಾಮು, ಮೂರು ಪಾಲು, ಕಾಯಿ, ಡಿಸ್ಕು. ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

"ಹಂಗಾರ ಇಲ್ಲ," ಎಂದಳು.

"ಇಲ್ಲ ಯವ್ವಾ."

"ಮಂದೀಗೆ ಬೇಸರ ಆಗತಿತ್ತನ, ಅಂವ ಮಾತಾಡಿದ್ರ?"

"ಹೂಂ."

ಪರದೆಯಲ್ಲಿ ಮಲ್ಲ ತುಂಬಿದ ಕೊಡ ಹಿಡಿದುಕೊಂಡು ನಗುತ್ತಲೇ ಇದ್ದ. ಆಮೇಲೆ ಅವ್ವ ನನ್ನ ಗದ್ದ ಹಿಡಿದು ಮೇಲೆತ್ತಿದಳು.

"ಹೋಗಲಿ ಬಿಡು. ಅಂವನ ಜೋಡಿ ಹಗಲೆಲ್ಲಾ ಕುಂದರತಿದ್ದಾಕಿ ನೀನು. ನೀನರ ಒಮ್ಮೆ ಹೇಳು. 'ಅವ್ವಾ' ಅಂತ ಅಂವ ಹೆಂಗ ಕರೀತಿದ್ದ? ನನ್ನ ಕಿವಿಯಾಗ ಐತಿ, ಆದ್ರ ಒಮ್ಮೆ ಹೊರಗಿಂದ ಕೇಳಬೇಕು ಅನಸತೈತಿ."

ನಾನು ಕಣ್ಣು ಮುಚ್ಚಿದೆ. ಗದ್ದ ಮೇಲೆತ್ತಿದೆ. ಮೂವತ್ತೊಂದು ವರ್ಷ ಕೇಳಿದ ದನಿ, ನನ್ನ ಒಡಹುಟ್ಟಿದವನ ದನಿ. ಎಲ್ಲಿ ನಿಲ್ಲುತ್ತಿದ್ದ? ಎಷ್ಟು ಸಲ ಎಡವುತ್ತಿದ್ದ? ಉಸಿರು ಮೊದಲು ಬರುತ್ತಿತ್ತೋ ಮಾತು ಮೊದಲೋ? ಒಳಗೆ ಹುಡುಕಿದಲ್ಲೆಲ್ಲ ಬೆಳಿಗ್ಗೆ ಬೆಳಿಗ್ಗೆ ಕೇಳಿದ ಆ ನುಣುಪು ದನಿಯೇ ಸಿಕ್ಕಿತು.

"ಅ... ಅ... ಅವ್ವಾ," ಎಂದೆ.

"ಹಂಗಲ್ಲ," ಎಂದಳು ಅವ್ವ.

ಇನ್ನೂ ನಿಧಾನವಾಗಿ ಹೇಳಿದೆ. ಅದು ಯಾರನ್ನೋ ಅಣಕಿಸಿದಂತೆ ಬಂತು.

"ಹಂಗಲ್ಲವಾ."

ಮೂರನೇ ಸಲ ಬಾಯಿ ತೆರೆದಾಗ ಅವ್ವ ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಅವಳ ಕಣ್ಣಲ್ಲಿ ಆ ವರ್ಷದಲ್ಲಿ ನಾನು ಕಾಣದಿದ್ದ ಹೆದರಿಕೆ ಇತ್ತು.

"ಸಾಕು ಮಗಳ, ಸಾಕು," ಎಂದಳು. "ನೀ ಕರದಂಗ ಕರದಂಗ, ನನ್ನ ಕಿವಿಯಾಗಿದ್ದದ್ದೂ ಹೊಂಟೈತಿ."